ಕಪ್ಪಾಗದ ವೈರು

ನುಣುಪಣ್ಣನ ಆ ದಿನ ಹಾಳಾದದ್ದು ಒಂದು ಕಂದು ಕಲೆಯಿಂದ. ಕಲೆ ದೊಡ್ಡದೇನಲ್ಲ, ಹೆಬ್ಬೆರಳ ಉಗುರಿನಷ್ಟು. ಆದರೆ ಅದು ಕೂತ ಜಾಗ ಕೆಟ್ಟದ್ದು. ಮರ ಉಜ್ಜುವ ಮಿಷಿನ್ನಿಗೆ ಕರೆಂಟು ತರುವ ವೈರಿನ ಬಾಯಿಯಲ್ಲೇ ಕೂತಿತ್ತು, ಎಲೆಯಡಿಕೆ ಜಗಿದವನ ತುಟಿಯ ಹಾಗೆ.

ಆ ಮರಗೆಲಸದ ಕಾರ್ಖಾನೆಯಲ್ಲಿ ಮಿಷಿನ್ನು ಬೇರೆ, ವೈರು ಬೇರೆ. ಬೇಕಾದಾಗ ವೈರಿನ ಬಾಯಿಯನ್ನು ಮಿಷಿನ್ನಿಗೆ ಸಿಕ್ಕಿಸಿ ತಿರುಗಿಸಬೇಕು, ಬೇಡವಾದಾಗ ತಿರುಗಿಸಿ ಕೀಳಬೇಕು. ಎಲ್ಲಕ್ಕೂ ಒಂದೇ ಅಳತೆ. ಇದು ಮಾಡಿದವರ ಜಾಣತನ. ಬಳಸುವವರ ಜಾಣತನ ಇನ್ನೊಂದಿತ್ತು. ಪೂರ್ತಿ ತಿರುಗಿಸಿದರೆ ಕೀಳಲು ಎರಡು ಕೈ ಬೇಕು, ಅರ್ಧ ತಿರುಗಿಸಿದರೆ ಒಂದೇ ಕೈ ಸಾಕು. ಇನ್ನೊಂದು ಕೈ ಬೆನ್ನು ಕೆರೆಯಲೋ ಬೀಡಿ ಹಿಡಿಯಲೋ ಬಿಡುವಾಗಿರುತ್ತದೆ. ಹಾಗಾಗಿ ಅಲ್ಲಿ ಅರ್ಧಕ್ಕಿಂತ ಹೆಚ್ಚು ತಿರುಗಿಸಿದ ಗಂಡಸೂ ಇಲ್ಲ, ಹೆಂಗಸೂ ಇಲ್ಲ.

ಹೋದ ವಾರ ಒಂದು ವೈರು ಮರದ ಹೊಟ್ಟಿನ ರಾಶಿಯ ಮೇಲೆ ಮಲಗಿಕೊಂಡೇ ಕಿಡಿ ಕಾರಿತ್ತು. ಎರಡು ಬಕೆಟ್ ನೀರು ಸುರಿದು ಆರಿಸಿದರು. ಪಕ್ಕದಲ್ಲಿದ್ದ ಗಿರಾಕಿಯ ಮರದ ಬೀರು ಆ ನೀರನ್ನೆಲ್ಲ ಕುಡಿದು, ಮದುವೆ ಊಟ ಮುಗಿಸಿದವನ ಹೊಟ್ಟೆಯ ಹಾಗೆ ಉಬ್ಬಿ ಕೂತಿತು. ಅಂದಿನಿಂದ ಯಜಮಾನರ ತಲೆಯೂ ಕಾದಿತ್ತು. ಆ ಬೆಳಿಗ್ಗೆ ಅವರು ತಮ್ಮ ಬಾಮೈದನ ಬಾಯಲ್ಲಿ ಹುಕುಂ ಕಳಿಸಿದರು. ಬಾಮೈದನಿಗೆ ನಲವತ್ತು ವರ್ಷ. ಕಾರ್ಖಾನೆಯ ಆಫೀಸು ಕೋಣೆಯಲ್ಲಿ ಕುರ್ಚಿ ಕಾಯುವುದು ಅವನ ಉದ್ಯೋಗ.

"ಎಲ್ರೂ ಕೇಳಿಸ್ಕೊಳ್ಳಿ," ಎಂದ ಅವನು, ಆಕಳಿಕೆಯ ನಡುವೆ. "ಸಂಜೆ ಐದಕ್ಕೆ ಭಾವ ಎಲ್ಲರ ವೈರೂ ನೋಡ್ತಾರಂತೆ. ಯಾರದ್ದು ಸುಟ್ಟು ಕಪ್ಪಾಗಿರುತ್ತೋ ಅವರ ಕೈಯಿಂದ ಮಿಷಿನ್ ಕಿತ್ಕೋತಾರಂತೆ. ನಾಳೆಯಿಂದ ಕೈಕೆಲ್ಸಾನೇ ಗತಿಯಂತೆ."

ನುಣುಪಣ್ಣ ತಟ್ಟನೆ ಕಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

ಯಾಕೆಂದರೆ ಅವನು ಒಂಬತ್ತು ವರ್ಷ ಕೈಯಲ್ಲೇ ಮರ ಉಜ್ಜಿದವನು. ಸ್ಯಾಂಡ್ ಪೇಪರ್ ಮರವನ್ನು ಎಷ್ಟು ಸವೆಸುತ್ತದೋ ಅಂಗೈಯನ್ನೂ ಅಷ್ಟೇ ಸವೆಸುತ್ತದೆ, ಅದಕ್ಕೆ ಪಕ್ಷಪಾತವಿಲ್ಲ. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನ ಮುಂದೆ ಕೂತಿದ್ದ. ಅವನು ಅಂಗೈಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕನ್ನಡಕ ಒರೆಸಿ, ಮತ್ತೆ ನೋಡಿ, "ಇದರಲ್ಲಿ ಗೆರೆಯೇ ಇಲ್ಲವಲ್ಲಪ್ಪ, ನಿಂಗೆ ಭವಿಷ್ಯವೇ ಇಲ್ಲ" ಎಂದು ಎದ್ದು ಹೋಗಿದ್ದ. ಎರಡು ವರ್ಷದ ಮಗಳನ್ನು ಮುದ್ದು ಮಾಡಲು ಹೋದರೆ ಕೆನ್ನೆ ಗೀಚುತ್ತದೆಂದು ಅವಳು ಅತ್ತು ಓಡುತ್ತಿದ್ದಳು. ಐದು ತಿಂಗಳ ಹಿಂದೆ ಮಿಷಿನ್ನು ಕೈಗೆ ಬಂತು. ಅಂಗೈ ಮೆತ್ತಗಾಯಿತು. ಈಗ ಅವಳು ತಾನೇ ಬಂದು ಅಪ್ಪನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನಿದ್ದೆ ಹೋಗುತ್ತಾಳೆ. ಒಂದು ವೈರಿನ ಬಾಯಿ ಕಪ್ಪಾಯಿತೆಂದು ಆ ಕೆನ್ನೆಯನ್ನು ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಮೊದಲು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದ. ಬೆನ್ನು ತಿರುಗಿಸಿ ಕೂತು ಕಲೆಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದ. ಕಂದು ಹೋಗಲಿಲ್ಲ. ಸುತ್ತಲಿನ ಹೊಳಪು ಹೋಗಿ ಬೂದಿ ಬಣ್ಣ ಬಂತು. ಮೊದಲು ಹತ್ತಿರ ಬಂದರೆ ಕಾಣುತ್ತಿದ್ದ ಕಲೆ ಈಗ ಬಾಗಿಲಿನಿಂದಲೇ ಕಾಣತೊಡಗಿತು.

"ಏನ್ ಮಗಾ, ಬಚ್ಚಿಟ್ಕೊಂಡು ಏನು ಉಜ್ತಾ ಇದೀಯ?"

ನುಣುಪಣ್ಣ ಬೆಚ್ಚಿದ. ಹಿಂದೆ ನಿಂತಿದ್ದವನು ಬೈರಿಗೆ ತಾತ. ಐವತ್ತು ವರ್ಷದಿಂದ ಮರಕ್ಕೆ ತೂತು ಕೊರೆಯುತ್ತಿರುವವನು. ಕೆಲಸ ಮುಗಿದ ಮೇಲೆ ತನ್ನ ಡ್ರಿಲ್ ಮಿಷಿನ್ನನ್ನು ಅದರ ವೈರಿನಿಂದಲೇ ಮೊಳೆಗೆ ನೇತು ಹಾಕುತ್ತಿದ್ದ, ಅದು ಬಾವಲಿಯ ಹಾಗೆ ತೂಗಾಡುತ್ತಿತ್ತು.

"ತಾತ, ಯಾರಿಗೂ ಹೇಳ್ಬೇಡ."

"ಛೇ, ನನ್ನ ಹೊಟ್ಟೇಲಿ ಹಾಕ್ಕೊಂಡ ಮಾತು ಆಚೆ ಬರುತ್ತಾ?"

ಬರಲಿಲ್ಲ. ಬಾಯಿಯಿಂದ ಬಂತು. ಹತ್ತೇ ನಿಮಿಷದಲ್ಲಿ ಗರಗಸದ ಮಿಷಿನ್ನಿನವನು, ಅಂದರೆ ಎಲ್ಲರೂ 'ಗರಗಸ' ಎಂದೇ ಕರೆಯುತ್ತಿದ್ದವನು, ತನ್ನ ಮಿಷಿನ್ನನ್ನು ವೈರು ಹಿಡಿದು ದರದರ ಎಳೆದುಕೊಂಡು ಬಂದ. ಮಿಷಿನ್ನು ಹಗ್ಗ ಕಟ್ಟಿದ ಮೇಕೆಯ ಹಾಗೆ ಹಿಂದೆ ಬಂತು.

"ಏನಣ್ಣ, ಸುಟ್ಟುಬಿಟ್ಯಂತೆ?"

"ಮೆಲ್ಲಗೆ ಮಾತಾಡೋ."

"ಮೆಲ್ಲಗೇ ಕೇಳ್ತಿದೀನಲ್ಲ. ಸುಟ್ಟುಬಿಟ್ಯಂತೆ?" ಎಂದು ಗರಗಸ ಇನ್ನೂ ಜೋರಾಗಿ ಕೇಳಿದ. "ವೈರನ್ನ ಹೆಂಡ್ತಿ ಥರ ನೋಡ್ಕೋಬೇಕಣ್ಣ. ನನ್ನ ವೈರು ನೋಡು, ಮಿರಮಿರ ಅಂತಿದೆ." ದೂರದಿಂದ ತೋರಿಸಿ, ನುಣುಪಣ್ಣ ಕೈ ಚಾಚುವಷ್ಟರಲ್ಲಿ ಹಿಂದಕ್ಕೆಳೆದುಕೊಂಡ.

ಆಗ ಸೋಫಾ ಅಕ್ಕ ಬಂದಳು. ಸೋಫಾಗಳಿಗೆ ಬಟ್ಟೆ ಹೊಲಿಯುವುದು, ಕರೆಂಟಿನ ಚೂರಿಯಿಂದ ಫೋಮ್ ಕತ್ತರಿಸುವುದು ಅವಳ ಕೆಲಸ. ಲೋಕದ ಯಾವ ಕಷ್ಟಕ್ಕೂ ಒಂದು ಕವರು ಹೊಲಿದರೆ ಸಾಕು ಎಂಬುದು ಅವಳ ನಂಬಿಕೆ.

"ಅಯ್ಯೋ ತಮ್ಮ, ಇಷ್ಟಕ್ಕೆ ಮುಖ ಯಾಕೆ ಇಷ್ಟುದ್ದ ಮಾಡ್ಕೊಂಡಿದೀಯ? ಕೊಡಿಲ್ಲಿ."

ಎರಡೇ ನಿಮಿಷದಲ್ಲಿ ಹತ್ತಿ ತುಂಬಿದ ಹೂವಿನ ಬಟ್ಟೆಯ ಒಂದು ಪುಟ್ಟ ಕುಲಾವಿ ಹೊಲಿದು ವೈರಿನ ಬಾಯಿಗೆ ತೊಡಿಸಿದಳು. ಮುದ್ದಾಗಿತ್ತು. ಹಸುಗೂಸಿನ ಹಾಗಿತ್ತು. ಮೂವರೂ ಸ್ವಲ್ಪ ಹೊತ್ತು ಅದನ್ನು ನೋಡಿ "ಪಾಪ" ಎಂದರು.

ಆದರೆ ಮೊದಲೇ ಜ್ವರ ಬಂದವನಿಗೆ ಕಂಬಳಿ ಹೊದಿಸಿದಂತಾಗಿತ್ತು. ಆ ದಿನ ಉಜ್ಜಬೇಕಾದದ್ದು ಒಂದು ಶಾಲೆಯ ನಲವತ್ತು ಕುರ್ಚಿ, ಮರುದಿನ ಸಂಜೆಗೆ ಕೊಡಲೇಬೇಕಾದವು. ನಾಲ್ಕನೆಯ ಕುರ್ಚಿಗೆ ಬರುವಷ್ಟರಲ್ಲಿ ಕುಲಾವಿ ಬೀಡಿ ಸೇದತೊಡಗಿತು. ಐದನೆಯದಕ್ಕೆ ಹೊಗೆ ಸೂರು ಮುಟ್ಟಿತು. ನುಣುಪಣ್ಣ ಅದನ್ನು ಕಿತ್ತು ನೆಲಕ್ಕೆ ಹಾಕಿ ತುಳಿದು, ಕಾಲಡಿಯಲ್ಲೇ ಮುಚ್ಚಿಕೊಂಡು ನಿಂತ. ಅಷ್ಟರಲ್ಲಿ ಆಫೀಸು ಕೋಣೆಯಿಂದ ಯಜಮಾನರ ಮೂಗು ಬಂತು, ಅದರ ಹಿಂದೆ ಯಜಮಾನರು ಬಂದರು.

"ಏನೋ ಅದು ಸೀದ ವಾಸನೆ?"

ಸಹಾಯ ಮಾಡಲೇಬೇಕೆಂದು ಬೈರಿಗೆ ತಾತನಿಗೆ ಅನ್ನಿಸಿತು. "ನುಣುಪಣ್ಣನ ಬುತ್ತಿ ಯಜಮಾನ್ರೇ. ಅವನ ಹೆಂಡ್ತಿ ದಿನಾ ಸೀಯಿಸ್ತಾಳೆ."

ಯಜಮಾನರು ನುಣುಪಣ್ಣನನ್ನು ಕನಿಕರದಿಂದ ನೋಡಿದರು. "ಹೌದೇನೋ? ಅಡುಗೆ ಬರಲ್ವಾ ಅವಳಿಗೆ?"

ತನಗಿಂತ ಮೊದಲೆದ್ದು, ನಿದ್ದೆಗಣ್ಣಲ್ಲಿ ಬುತ್ತಿ ಕಟ್ಟಿಕೊಟ್ಟ ಹೆಂಡತಿ ನುಣುಪಣ್ಣನ ಕಣ್ಣ ಮುಂದೆ ಬಂದಳು. ಕಾಲ ಕೆಳಗೆ ಕುಲಾವಿ ಇನ್ನೂ ಬಿಸಿಯಿತ್ತು.

"ಬರಲ್ಲ ಯಜಮಾನ್ರೇ," ಎಂದ.

ಯಜಮಾನರು ಬುತ್ತಿ ತರಿಸಿದರು, ಮುಚ್ಚಳ ತೆಗೆದರು, ಮೂಸಿದರು. ಒಂದು ತುತ್ತು ತಿಂದರು, ಇನ್ನೊಂದು ತಿಂದರು. "ಪರವಾಗಿಲ್ವಲ್ಲೋ, ವಾಸನೆಗೆ ಹೋಲಿಸಿದ್ರೆ ರುಚಿ ಎಷ್ಟೋ ಮೇಲು," ಎನ್ನುತ್ತ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದರು. ಊಟವೂ ಹೋಯಿತು, ಹೆಂಡತಿಯ ಮಾನವೂ ಹೋಯಿತು. ಕಲೆ ಮಾತ್ರ ಅಲ್ಲೇ ಇತ್ತು. ಈಗ ಹೆಬ್ಬೆರಳಿನಷ್ಟೇ ಆಗಿತ್ತು.

ಊಟದ ಹೊತ್ತಿಗೆ ಎಲ್ಲರೂ ಹೊರಗಿನ ಮರದ ನೆರಳಿಗೆ ಹೋದರು. ಊಟವಿಲ್ಲದ ನುಣುಪಣ್ಣ ಒಳಗೇ ಉಳಿದ. ಹಸಿದ ಹೊಟ್ಟೆಗೆ ನ್ಯಾಯ ಅನ್ಯಾಯ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಅವನ ಕಣ್ಣು ಗರಗಸನ ಮಿರಮಿರ ವೈರಿನ ಮೇಲೆ ಬಿತ್ತು. ಒಂದು ದಿನದ ಮಟ್ಟಿಗೆ ಅದಲುಬದಲು ಮಾಡಿದರೆ? ಗರಗಸನಿಗೆ ಬಾಯಿದೆ, ಹೇಗೋ ಬಚಾವಾಗುತ್ತಾನೆ. ನನಗೆ ಮಗಳಿದ್ದಾಳೆ.

ವೈರನ್ನು ಕೈಗೆತ್ತಿಕೊಂಡ. ಬೆರಳೆಲ್ಲ ಕಪ್ಪಾಯಿತು. ಮಿರಮಿರ ಎನ್ನುತ್ತಿದ್ದದ್ದು ಬೂಟ್ ಪಾಲಿಶ್! ಒರೆಸಿದರೆ ಕೆಳಗೆ ತನ್ನದಕ್ಕಿಂತ ಎರಡು ಪಟ್ಟು ಸುಟ್ಟ ಗಾಯ. ಬೈರಿಗೆ ತಾತನ ವೈರನ್ನು ನೋಡಿದ. ಅದರ ಬಾಯಿಗೆ ಕಪ್ಪು ಟೇಪು, ಟೇಪಿನ ಒಳಗೆ ಹುರಿದ ಬಣ್ಣ. ಸೋಫಾ ಅಕ್ಕನದಕ್ಕೆ ಝಾಲರು ಹೊಲಿದ ಕುಲಾವಿ. ಎತ್ತಿ ನೋಡಿದರೆ ಇದ್ದಿಲು.

ಬೆಳಿಗ್ಗೆಯಿಂದ ತನಗೆ ಬುದ್ಧಿ ಹೇಳಿದ ಒಬ್ಬೊಬ್ಬರೂ ಮಡಿಲಲ್ಲಿ ಕೆಂಡ ಕಟ್ಟಿಕೊಂಡೇ ಹೇಳಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇದಕ್ಕೇ. ಗಾಯಕ್ಕೆ ಮದ್ದು ಹುಡುಕುವ ಬದಲು ಬಣ್ಣ ಹುಡುಕುವ ಜನ. ನುಣುಪಣ್ಣನಿಗೆ ಉರಿದುಹೋಯಿತು. ತಾನೂ ಬೆಳಿಗ್ಗೆಯಿಂದ ಮಾಡಿದ್ದು ಅದನ್ನೇ ಎಂದು ನೆನಪಾಗಿ ಇನ್ನಷ್ಟು ಉರಿಯಿತು.

ಇಡೀ ಕಾರ್ಖಾನೆಯಲ್ಲಿ ಸುಡದ ವೈರು ಒಂದೇ ಒಂದಿತ್ತು. ಅದು ಆಫೀಸು ಕೋಣೆಯ ಕಪಾಟಿನಲ್ಲಿ, ಒಂದು ಡಬ್ಬದಲ್ಲಿತ್ತು. ಯಜಮಾನರು ಹೊರದೇಶದಿಂದ ತರಿಸಿದ, ಅದೇ ಅಳತೆಯ ವೈರಿನ ಹೊಸ ಮಿಷಿನ್ನು. ಕೆಲಸಕ್ಕೆ ಕೊಟ್ಟರೆ ಹಾಳಾಗುತ್ತದೆಂದು ಒಂದು ದಿನವೂ ಕೆಲಸಕ್ಕೆ ಕೊಟ್ಟಿರಲಿಲ್ಲ. ದೊಡ್ಡ ಗಿರಾಕಿ ಬಂದರೆ ಡಬ್ಬದ ಹೊರಗಿನ ಚಿತ್ರವನ್ನು ತೋರಿಸುತ್ತಿದ್ದರು, ಅಷ್ಟೆ. ದುಡಿಯುವ ಮಿಷಿನ್ನುಗಳಿಗೆ ಸುಟ್ಟ ವೈರು, ಮಲಗಿರುವ ಮಿಷಿನ್ನಿಗೆ ಹೊಚ್ಚ ಹೊಸ ವೈರು! ಮನುಷ್ಯರ ಲೋಕದಲ್ಲೂ ಹೀಗೇ ಅಲ್ಲವೇ ಎಂದುಕೊಂಡು ಅವನು ಕಾಲು ಸದ್ದಾಗದಂತೆ ಒಳಗೆ ಹೋದ.

ಯಜಮಾನರು ನುಣುಪಣ್ಣನ ಬುತ್ತಿ ಮುಗಿಸಿ ಕೈ ತೊಳೆಯಲು ಹೋಗಿದ್ದರು. ಬಾಮೈದ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ರಿಸುತ್ತಿದ್ದ. ನುಣುಪಣ್ಣ ಕಪಾಟು ತೆರೆದ, ಡಬ್ಬ ತೆರೆದ. ಪ್ಲಾಸ್ಟಿಕ್ಕಿನೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದ ಹೊಸ ವೈರನ್ನು ಎತ್ತಿಕೊಂಡ, ತನ್ನ ಸುಟ್ಟ ವೈರನ್ನು ಅದೇ ಪ್ಲಾಸ್ಟಿಕ್ಕಿಗೆ ಮಲಗಿಸಿದ. ಆಗ ಒಂದು ಹಾಳೆ ಕೆಳಗೆ ಬಿತ್ತು. ಬರೆದದ್ದು ಯಾವ ಭಾಷೆಯೋ. ಆದರೆ ಚಿತ್ರಗಳಿದ್ದವು. ಒಂದರಲ್ಲಿ ವೈರಿನ ಬಾಯಿಯನ್ನು ಕೊನೆಯವರೆಗೂ ತಿರುಗಿಸಿದಾಗ 'ಟಕ್' ಎಂದು ಸದ್ದಾಗುವ ಗುರುತು. ಇನ್ನೊಂದರಲ್ಲಿ ಅರ್ಧ ತಿರುಗಿಸಿದ ಬಾಯಿ, ಅದರ ಸುತ್ತ ಬೆಂಕಿ, ಮೇಲೆ ಬೇಡವೆನ್ನುವ ಕೆಂಪು ಕಾಟು. ವೈರು ಹಿಡಿದು ಮಿಷಿನ್ ಎಳೆಯುವ ಕೈಗೂ ಕಾಟು. ಮಿಷಿನ್ ತಿರುಗುತ್ತಿರುವಾಗಲೇ ಕೀಳುವವನಿಗೂ ಕಾಟು. ಬಾಯಿಯೊಳಗಿನ ಧೂಳನ್ನು ಬ್ರಷ್ಷಿನಿಂದ ತೆಗೆಯುವವನಿಗೆ ಮಾತ್ರ ಒಂದು ಹಸಿರು 'ಸರಿ' ಗುರುತು.

ನುಣುಪಣ್ಣ ನಿಂತೇಬಿಟ್ಟ. ಐದು ಚಿತ್ರ! ಇದನ್ನು ಗೋಡೆಗೆ ಅಂಟಿಸಿದ್ದರೆ ಒಂದು ವೈರೂ ಸುಡುತ್ತಿರಲಿಲ್ಲ. ಗೋಡೆಯ ಮೇಲೆ ಯಜಮಾನರ ಫೋಟೋ ಇತ್ತು.

"ಏನ್ ಮಾಡ್ತಿದೀರಿ ಅಲ್ಲಿ?" ಬಾಮೈದ ಒಂದು ಕಣ್ಣು ತೆರೆದಿದ್ದ.

"ಧೂ... ಧೂಳು ಒರೆಸ್ತಿದೀನಿ." ನುಣುಪಣ್ಣ ಹೊಸ ವೈರನ್ನು ಅಂಗಿಯೊಳಗೆ ತುರುಕಿಕೊಂಡು ಕಪಾಟು ಮುಚ್ಚಿದ.

"ಹಂಗಾದ್ರೆ ಮೇಜೂ ಒರೆಸ್ಬಿಡಿ. ಕಿಟಕೀನೂ. ಆ ಫ್ಯಾನಿನ ಮೇಲೂ ಬಹಳ ಕೂತಿದೆ."

ಮುಕ್ಕಾಲು ಗಂಟೆ ನುಣುಪಣ್ಣ ಆಫೀಸು ಒರೆಸಿದ. ಹೊರಬಂದಾಗ ಅವನ ಹೊಟ್ಟೆ ಖಾಲಿ, ಅಂಗಿ ಮಾತ್ರ ತುಂಬಿತ್ತು. ಹೊಸ ವೈರನ್ನು ಮಿಷಿನ್ನಿಗೆ ಸಿಕ್ಕಿಸಿ, ಎರಡು ಕೈಯಲ್ಲಿ ಹಿಡಿದು, ಕೊನೆಯವರೆಗೂ ತಿರುಗಿಸಿದ. ಟಕ್! ಅಂಥ ಇಂಪಾದ ಸದ್ದನ್ನು ಅವನು ಕೇಳಿರಲಿಲ್ಲ. ಎಂಟು ಕುರ್ಚಿ ಉಜ್ಜಿ ಮುಟ್ಟಿ ನೋಡಿದ. ಮಡಕೆಯ ನೀರಿನ ಹಾಗೆ ತಣ್ಣಗಿತ್ತು.

ಹಸಿವು ಮರೆತುಹೋಯಿತು. ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಅವನು ಒಬ್ಬೊಬ್ಬರ ಬಳಿಗೂ ಹೋದ.

"ಗರಗಸ, ಟಕ್ ಅನ್ನೋವರೆಗೂ ತಿರುಗ್ಸೋ. ಅರ್ಧಕ್ಕೇ ಬಿಟ್ರೆ ಒಳಗಡೆ ಸಡಿಲ ಆಗುತ್ತೆ, ಸಡಿಲ ಆದ್ರೆ ಕಾಯುತ್ತೆ."

"ಓಹೋ! ಬೆಳಿಗ್ಗೆ ಸುಟ್ಟೋನು ಮಧ್ಯಾಹ್ನಕ್ಕೆ ಗುರು ಆದ್ನಾ?"

"ತಾತ, ವೈರಲ್ಲಿ ನೇತು ಹಾಕ್ಬೇಡ. ಬುಡದಲ್ಲಿ ಸವೆಯುತ್ತೆ."

"ನೀನು ಹುಟ್ಟೋಕ್ ಮುಂಚೆಯಿಂದ ನೇತು ಹಾಕ್ತಿದೀನಿ ಮಗಾ."

"ಅಕ್ಕ, ಆ ಕುಲಾವಿ ತೆಗೀ, ಅದಕ್ಕೆ ಗಾಳಿ ಬೇಕು."

"ನಾನು ಹೊಲಿದದ್ರಲ್ಲಿ ಕೊಂಕು ತೆಗೀತೀಯಾ? ನಿನಗೊಂದು ಪುಕ್ಕಟೆ ಹೊಲಿದ್ಕೊಟ್ಟೆನಲ್ಲ, ನನ್ನ ಬುದ್ಧಿಗೆ ಹೊಡೀಬೇಕು!"

ಐದು ಗಂಟೆಗೆ ಯಜಮಾನರು ಬಂದರು. ಹಿಂದೆ ಬಾಮೈದ. ಎಲ್ಲರೂ ವೈರನ್ನು ಕೈಯಲ್ಲಿ ಹಿಡಿದು ಸಾಲಾಗಿ ನಿಂತರು.

ಮೊದಲು ಗರಗಸ. ಯಜಮಾನರು ಕರವಸ್ತ್ರದಿಂದ ಒರೆಸಿದರು. ಕರವಸ್ತ್ರ ಬೂಟಿನ ಬಣ್ಣವಾಯಿತು, ವೈರು ತನ್ನ ನಿಜ ಬಣ್ಣ ತೋರಿಸಿತು. "ಸುಟ್ಟಿದೆ! ಇಡು ಮಿಷಿನ್ ಕೆಳಗೆ!" ಎಂದು ಗುಡುಗಿದರು. ತಾತನ ಟೇಪು ಬಿಚ್ಚಿದರು. "ಇದೂ ಸುಟ್ಟಿದೆ! ಇಡು..." ಎಂದರು, ಗುಡುಗು ಸ್ವಲ್ಪ ದೂರಕ್ಕೆ ಹೋಯಿತು. ಅಕ್ಕನ ಕುಲಾವಿ ಎತ್ತಿದರು. "ಇದೂನಾ..." ಎಂದರು, ಹನಿಯೂ ಬೀಳಲಿಲ್ಲ. ಅವರ ಕಣ್ಣು ಇನ್ನೂ ಮುಗಿಯದ ಕುರ್ಚಿಗಳ ರಾಶಿಯ ಕಡೆ ಹೋಗಿ ಬಂತು. ಮೂರೂ ಮಿಷಿನ್ನು ಕಿತ್ತುಕೊಂಡರೆ ನಾಳೆ ಶಾಲೆಯ ಮಕ್ಕಳು ನೆಲದ ಮೇಲೆ, ತಾವು ಶಾಲೆಯವರ ಮುಂದೆ ಒಂಟಿ ಕಾಲಿನ ಮೇಲೆ.

ಕೊನೆಗೆ ನುಣುಪಣ್ಣ. ವೈರು ಚಾಚಿದ. ಮಚ್ಚೆ ಇಲ್ಲ, ಮಸಿ ಇಲ್ಲ, ಹುಟ್ಟಿದ ದಿನದ ಹಾಗೆ ಫಳಫಳ.

"ನೋಡಿ! ಇದು ವೈರು ಇಟ್ಕೊಳ್ಳೋ ರೀತಿ!" ಎಂದರು ಯಜಮಾನರು. ನುಣುಪಣ್ಣನ ಎದೆ ಉಬ್ಬಿತು. ಮನಸ್ಸು ಆಗಲೇ ಮನೆಗೆ ಓಡಿ ಮಗಳ ಪಕ್ಕ ಮಲಗಿತ್ತು.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೂ ಸಾಕು. ಗರಗಸ ಅದನ್ನು ಹಿಡಿದ. "ಹೌದು ಯಜಮಾನ್ರೇ, ಕೆಲಸ ಮಾಡದಿದ್ರೆ ಹಂಗೇ ಇರುತ್ತೆ."

ಯಜಮಾನರು ಅವನತ್ತ ತಿರುಗಿದರು. ಮುಖದಲ್ಲಿ ಬೆಳಕು ಮೂಡತೊಡಗಿತು.

"ನಮ್ಮದು ಯಾಕೆ ಸುಟ್ಟಿದೆ? ದುಡಿದು ಸುಟ್ಟಿದೆ!" ಗರಗಸನಿಗೆ ಆವೇಶ ಬಂತು. "ಕಾಯದೆ ಕೆಲಸ ಆಗುತ್ತಾ? ಬೆವರಿಲ್ಲದ ಹಣೆ, ಸುಡದ ವೈರು, ಎರಡೂ ಒಂದೇ. ಇವನು ಮಧ್ಯಾಹ್ನವೆಲ್ಲ ಊರು ತಿರುಗಿ ಎಲ್ಲರಿಗೂ ಪಾಠ ಮಾಡ್ತಿದ್ದ, ಕೇಳಿ ಬೇಕಾದ್ರೆ."

"ನಂಗೂ ಮಾಡಿದ," ಎಂದ ತಾತ.

"ನನ್ನ ಹೊಲಿಗೇಲಿ ಕೊಂಕು ತೆಗೆದ," ಎಂದಳು ಅಕ್ಕ.

"ಮುಕ್ಕಾಲು ಗಂಟೆ ಆಫೀಸಲ್ಲಿ ಫ್ಯಾನ್ ಒರೆಸ್ತಿದ್ರು ಭಾವ," ಎಂದ ಬಾಮೈದ, ಯಾವ ದುರುದ್ದೇಶವೂ ಇಲ್ಲದೆ.

ಮೂವರನ್ನು ದಂಡಿಸಿದರೆ ಕಾರ್ಖಾನೆ ನಿಲ್ಲುತ್ತದೆ. ಯಾರನ್ನೂ ದಂಡಿಸದಿದ್ದರೆ ಯಜಮಾನಿಕೆ ನಿಲ್ಲುತ್ತದೆ. ಒಬ್ಬನನ್ನು ದಂಡಿಸಿದರೆ ಎರಡೂ ಉಳಿಯುತ್ತವೆ. ಇಷ್ಟು ಲೆಕ್ಕ ಬಾರದವನು ಯಜಮಾನನಾಗುವುದಿಲ್ಲ.

"ಅಂದ್ರೆ, ನೀನು ನನ್ನ ಮಿಷಿನ್ನನ್ನ ಮಲಗಿಸಿಟ್ಟಿದ್ದೀಯ!"

"ಇಲ್ಲ ಯಜಮಾನ್ರೇ! ನನ್ನ ವೈರೂ ಸುಟ್ಟಿದೆ! ಆಣೆ ಮಾಡಿ ಹೇಳ್ತೀನಿ, ಚೆನ್ನಾಗಿ ಸುಟ್ಟಿದೆ!"

"ಎಲ್ಲಿ, ತೋರ್ಸು."

ಸುಟ್ಟ ವೈರು ಯಜಮಾನರ ಡಬ್ಬದಲ್ಲಿದೆ ಎಂದರೆ ಹೋಗುವುದು ಮಿಷಿನ್ನೊಂದೇ ಅಲ್ಲ, ಕೆಲಸವೂ ಹೋಗುತ್ತದೆ, ಕಳ್ಳನೆಂಬ ಹೆಸರು ಬರುತ್ತದೆ. ಕೊನೆಯ ಆಸೆಯಿಂದ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ. "ಅಕ್ಕ, ನಿನ್ನ ವೈರು ನಂದು ಅಂತ ಹೇಳು, ಒಂದು ನಿಮಿಷಕ್ಕೆ ಕೊಡು."

ಅಕ್ಕ ವೈರನ್ನು ಎದೆಗೆ ಅವಚಿಕೊಂಡಳು. "ಚೆನ್ನಾಗಿ ಹೇಳ್ದೆ! ಬೆಳಿಗ್ಗೆಯಿಂದ ಸಂಜೆವರೆಗೂ ದುಡಿದು ಸುಟ್ಟಿರೋದು ನಾನು. ಬೇಕಿದ್ರೆ ನಿಂದು ನೀನು ಸುಟ್ಕೋ!"

ಐದೂಕಾಲಿಗೆ ತೀರ್ಪಾಯಿತು. ಮೂವರು ದುಡಿಮೆಗಾರರ ಮಿಷಿನ್ನು ಅವರಲ್ಲೇ ಉಳಿಯಿತು. ಸೋಮಾರಿಯ ಮಿಷಿನ್ನು ಬಾಮೈದನಿಗೆ ಹೋಯಿತು. ಉಳಿದ ಕುರ್ಚಿಗಳು ಮುಗಿಯುವವರೆಗೂ ಯಾರೂ ಮನೆಗೆ ಹೋಗುವಂತಿಲ್ಲವೆಂದು ಹೇಳಿ ಯಜಮಾನರು ಒಳಗೆ ಹೋದರು.

ನುಣುಪಣ್ಣ ಮೂಲೆಯಲ್ಲಿ ಕುರ್ಚಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ ಉಜ್ಜತೊಡಗಿದ. ಪಕ್ಕದಲ್ಲೇ ಬಾಮೈದ, ಅರ್ಧಕ್ಕೇ ಬಿಡುವ ಜಾಣತನ ಗೊತ್ತಿಲ್ಲದೆ ವೈರನ್ನು ಟಕ್ ಎನ್ನುವವರೆಗೂ ತಿರುಗಿಸಿ, ಮಿಷಿನ್ನು ಓಡಿಸುತ್ತಿದ್ದ. ಸ್ವಲ್ಪ ಹೊತ್ತಿಗೊಮ್ಮೆ ನಿಲ್ಲಿಸಿ ವೈರಿನ ಬಾಯಿಯನ್ನು ಮುಟ್ಟುವನು, ಮೂಸುವನು, ದೀಪಕ್ಕೆ ಹಿಡಿದು ನೋಡುವನು. ಎರಡು ಗಂಟೆ ಕಳೆಯಿತು. ಅವನ ಮುಖದಲ್ಲಿ ಗಾಬರಿ ಹತ್ತಿತು. ಆಫೀಸಿನ ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಬಂದು ನುಣುಪಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಣ್ಣಾ, ಹತ್ತು ಕುರ್ಚಿ ಆಯ್ತು. ಇನ್ನೂ ತಣ್ಣಗೇ ಇದೆಯಲ್ಲ! ಭಾವ ಬಂದು ನೋಡಿದ್ರೆ ಏನಂದ್ಕೋತಾರೆ? ಬೇಗ ಕಪ್ಪಾಗೋಕೆ ಏನಾದ್ರೂ ಉಪಾಯ ಇದ್ರೆ ಹೇಳ್ಕೊಡಿ."

ಆ ಹೊತ್ತಿಗೆ ಆ ಕಾರ್ಖಾನೆಯ ನಾಲ್ಕು ಗೋಡೆಯ ನಡುವೆ ನಿಜವಾಗಿ ಕಾದು ಸುಡುತ್ತಿದ್ದದ್ದು ನುಣುಪಣ್ಣನ ಅಂಗೈ. ಅವನು ತಲೆ ಎತ್ತಲಿಲ್ಲ. ಕುರ್ಚಿಯ ಕಾಲಿನ ಪುಡಿಯನ್ನು ಉಫ್ ಎಂದು ಊದಿ, ಮುಂದಿನ ಕಾಲಿಗೆ ತಿರುಗಿಸಿಕೊಂಡ.

"ನಾಳೆ ಬನ್ನಿ, ಹೇಳ್ಕೊಡ್ತೀನಿ," ಎಂದ. "ಇವತ್ತು ನಂಗೆ ಕೈ ಬಿಡುವಿಲ್ಲ."